ಬೈತಲೆ ತೆಗೆದು ಬಾಚಿ: ಪೂಡಲ್ ಮರಿಯ ಕೂದಲು ಬದಲಾಗೋ ತಿಂಗಳುಗಳು

ಈ ನಾಯಿಮರಿಗೆ 10 ತಿಂಗಳು. ಟಾಯ್ ಪೂಡಲ್, ಹೆಣ್ಣು, ಏಪ್ರಿಕಾಟ್ ಬಣ್ಣ. ಬೆಳಗ್ಗೆ ತಾನೇ ಬ್ರಷ್ ಆಗಿದೆ, ಮೈಯೆಲ್ಲ ಹತ್ತಿ ಅರಳಿದ ಹಾಗೆ ಕಾಣ್ತಿದೆ. ಈಗ ಹತ್ತಿರದಿಂದ ನೋಡಿ. ಸ್ಟೀಲ್ ಬಾಚಣಿಗೆಯನ್ನ ಬಲಗಿವಿಯ ಬುಡದಲ್ಲಿ, ಚರ್ಮಕ್ಕೆ ತಾಗೋ ಹಾಗೆ ಇಟ್ಟು ಮೆಲ್ಲಗೆ ಹೊರಗೆ ಎಳೀತಿದೀವಿ. ಅರ್ಧ ಬೆರಳಗಲ ಬಂತು, ಅಲ್ಲೇ ನಿಂತುಬಿಡ್ತು. ಮೇಲಿನ ಕೂದಲು ಸರಿಸಿದರೆ ಕೆಳಗೆ ಅವರೆಕಾಳಿನಷ್ಟು ಒಂದು ಗಂಟು. ದಿನಾ ಬ್ರಷ್ ಮಾಡಿದ್ದಾರೆ, ದಿನಾ ಬ್ರಷ್ ಇದರ ಮೇಲೇ ಜಾರಿ ಹೋಗಿದೆ.

ಗುಂಗುರು ಕೂದಲಿನ ಮರಿ ಸಾಕೋರಿಗೆ ನಿಜವಾದ ಪರೀಕ್ಷೆ ಇಲ್ಲಿಂದ ಶುರು. ಆರು ತಿಂಗಳವರೆಗೆ ವಾರಕ್ಕೆರಡು ಸಲ ಬ್ರಷ್ ಆಡಿಸಿದರೂ ನಡೀತಿತ್ತು. ಈಗ ಇದ್ದಕ್ಕಿದ್ದ ಹಾಗೆ ರಾತ್ರಿ ಮಲಗಿ ಬೆಳಗ್ಗೆ ಏಳೋಷ್ಟರಲ್ಲಿ ಕಂಕುಳಲ್ಲಿ ಗಂಟು. ನಿಮ್ಮ ಆರೈಕೆ ಕಮ್ಮಿಯಾಗಿದ್ದಕ್ಕೆ ಹೀಗಾಗಿದ್ದಲ್ಲ, ಕೂದಲೇ ಬದಲಾಗ್ತಿದೆ. ಸಾಮಾನ್ಯವಾಗಿ 8, 9ನೇ ತಿಂಗಳಿಗೆ ಶುರುವಾಗಿ ಒಂದೂವರೆ ವರ್ಷದ ಒಳಗೆ ಈ ಬದಲಾವಣೆ ಮುಗಿಯುತ್ತೆ. ಲ್ಯಾಬ್ರಡೂಡಲ್, ಕಾಕಪೂ ಥರದ ಮಿಶ್ರ ತಳಿಗಳಲ್ಲೂ ಹೆಚ್ಚುಕಮ್ಮಿ ಇದೇ ಕಾಲ.

ಒಳಗೆ ಏನಾಗ್ತಿದೆ ಅಂದರೆ: ಮರಿಯ ಕೂದಲು ತೆಳು, ಮೆದು, ರೇಷ್ಮೆ ಥರ. ಅದು ಬುಡದಿಂದ ಬಿಡ್ತಾ ಬರುತ್ತೆ, ಅದೇ ಜಾಗದಲ್ಲಿ ಒರಟಾದ, ದಟ್ಟವಾದ, ಇನ್ನೂ ಬಿಗಿಯಾದ ಸುರುಳಿ ಹುಟ್ಟುತ್ತೆ. ಲ್ಯಾಬ್ರಡಾರ್ ಆಗಿದ್ದಿದ್ದರೆ ಬಿಟ್ಟ ಕೂದಲೆಲ್ಲ ಸೋಫಾ ಮೇಲೆ ಸಿಗ್ತಿತ್ತು. ಇಲ್ಲಿ ಬಿಟ್ಟ ಕೂದಲು ಕೆಳಗೆ ಬೀಳಲ್ಲ, ಪಕ್ಕದ ಸುರುಳಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಪ್ರತಿ ಕೂದಲಿನ ಮೇಲೂ ಹೆಂಚು ಹೊದಿಸಿದ ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪದರಗಳಿರುತ್ತವೆ. ತಿಕ್ಕಾಟ ಆದಾಗ, ಒದ್ದೆ ಆಗಿ ಒಣಗಿದಾಗ ಈ ಪದರಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಉಣ್ಣೆ ಸ್ವೆಟರ್ ಬಿಸಿನೀರಲ್ಲಿ ಒಗೆದರೆ ಗಟ್ಟಿಯಾಗುತ್ತಲ್ಲ, ಅದೇ ಕೆಲಸ ಮರಿಯ ಮೈಮೇಲೂ ನಡೀತಿರುತ್ತೆ.

2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ನಾಯಿಗಳ ಕೂದಲಿನ ವೈವಿಧ್ಯದ ಬಹುಪಾಲನ್ನ ಮೂರೇ ಜೀನ್‌ಗಳಿಂದ ವಿವರಿಸಿತು. ಉದ್ದಕ್ಕೆ ಎಫ್‌ಜಿಎಫ್5, ಗುಂಗುರಿಗೆ ಕೆಆರ್‌ಟಿ71, ಮೀಸೆ ಹುಬ್ಬಿಗೆ ಆರ್‌ಎಸ್‌ಪಿಒ2. ಪೂಡಲ್‌ಗೆ ಉದ್ದವೂ ಇದೆ, ಗುಂಗುರೂ ಇದೆ, ಮೀಸೆಯೂ ಇದೆ. "ಕೂದಲು ಉದುರಲ್ಲ, ಸುಲಭ" ಅಂತ ಹೇಳಿ ಮರಿ ಮಾರೋರು ಇದ್ದಾರೆ. ಉದುರಲ್ಲ ಅನ್ನೋದು ನಿಜ. ಆದರೆ ಉದುರದ ಕೂದಲನ್ನ ನೀವೇ ಕೈಯಾರೆ ತೆಗೀಬೇಕು, ಅದನ್ನ ಅವರು ಹೇಳಲ್ಲ.

ಗಂಟು ಬೀಳೋ ಜಾಗಗಳನ್ನ ಬೆರಳಲ್ಲಿ ತೋರಿಸ್ತೀವಿ. ಕಿವಿಯ ಹಿಂದೆ. ಕಂಕುಳು. ಕಾಲರ್ ಪಟ್ಟಿಯ ಕೆಳಗೆ. ಎದೆಗೆ ಕಟ್ಟೋ ಪಟ್ಟಿ, ಅಂದರೆ ಹಾರ್ನೆಸ್, ಉಜ್ಜೋ ಜಾಗ. ತೊಡೆಸಂದು, ಬಾಲದ ಬುಡ, ಗದ್ದ. ಬೆರಳುಗಳ ಸಂದಿಯನ್ನ ಬಹಳ ಜನ ಮರೀತಾರೆ. ಅಲ್ಲಿ ಗಂಟು ಗಟ್ಟಿಯಾದರೆ ಚಪ್ಪಲಿ ಒಳಗೆ ಕಲ್ಲು ಸಿಕ್ಕ ಹಾಗೆ, ಪ್ರತಿ ಹೆಜ್ಜೆಗೂ ಒತ್ತುತ್ತೆ.

ಈಗ ಸಾಮಾನು. ಉದ್ದ ಸೂಜಿಯ ಸ್ಲಿಕ್ಕರ್ ಬ್ರಷ್ ಒಂದು, ಏಳೂವರೆ ಇಂಚಿನ ಸ್ಟೀಲ್ ಬಾಚಣಿಗೆ ಒಂದು. ಬಾಚಣಿಗೆಯ ಅರ್ಧ ಭಾಗ ಬಿಡಿ ಹಲ್ಲು, ಇನ್ನರ್ಧ ಒತ್ತು ಹಲ್ಲು ಇರಬೇಕು. ಹಣ ಖರ್ಚು ಮಾಡೋದಾದರೆ ಮೊದಲು ಬಾಚಣಿಗೆಗೆ ಮಾಡಿ, ಯಾಕಂದರೆ ಸುಳ್ಳು ಹೇಳದೇ ಇರೋದು ಅದೊಂದೇ. ಬ್ರಷ್ ಎಷ್ಟು ಒತ್ತಬೇಕು ಅನ್ನೋದಕ್ಕೆ ನಿಮ್ಮ ಮುಂಗೈ ಒಳಭಾಗದ ಮೇಲೆ ನಾಲ್ಕೈದು ಸಲ ಆಡಿಸಿ ನೋಡಿ. ಕೆಂಪು ಗೆರೆ ಎದ್ದರೆ ಮರಿಗೂ ಅದೇ ಆಗುತ್ತೆ. ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿ ತರಚಿದ ಮರಿಗಳು ಆಮೇಲೆ ಬ್ರಷ್ ಕಂಡರೇ ಮಂಚದ ಕೆಳಗೆ ಹೋಗ್ತವೆ.

ಬಾಚೋ ಮುಂಚೆ ಕೂದಲು ತೇವ ಮಾಡೋ ಸ್ಪ್ರೇಗೆ 250 ಎಂ.ಎಲ್. ನೀರಿಗೆ ನಾಯಿಗಳ ಕಂಡೀಷನರ್ ಒಂದು ಊಟದ ಚಮಚ. ಬಾಟಲಿ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ. ನೀರು ಬೆರೆಸಿದ ಮೇಲೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ, ಹಾಗಾಗಿ ಒಂದು ವಾರಕ್ಕಿಂತ ಇಡಬೇಡಿ. ಟೀ ಟ್ರೀ ಎಣ್ಣೆ ಇರೋ ಯಾವುದನ್ನೂ ತರಬೇಡಿ, ನಾಯಿಗೆ ಅದು ವಿಷ. ಇನ್ನು ನಮ್ಮ ಕೊಬ್ಬರಿ ಎಣ್ಣೆ. ನಮ್ಮ ತಲೆಗೆ ಒಳ್ಳೇದು, ಗುಂಗುರು ನಾಯಿಯ ಮೈಗೆ ಬೇಡ. ಜಿಡ್ಡಿಗೆ ಧೂಳು ಅಂಟುತ್ತೆ, ಧೂಳು ಅಂಟಿದ ಕಡೆ ಹೊಸ ಗಂಟು, ಮೇಲಾಗಿ ಮರಿ ಎಣ್ಣೆಯನ್ನೆಲ್ಲ ನೆಕ್ಕುತ್ತೆ.

ಮರಿಯನ್ನ ಮೇಜಿನ ಮೇಲೆ ಮಲಗಿಸಿದೀವಿ. ಕೆಳಗೆ ಜಾರದ ಹಾಗೆ ಬಚ್ಚಲುಮನೆಯ ರಬ್ಬರ್ ಮ್ಯಾಟ್. ಕಾಲು ಜಾರಿದರೆ ಮರಿ ಗಾಬರಿಯಾಗುತ್ತೆ, ಆಮೇಲೆ ಯಾವ ಕೆಲಸವೂ ಆಗಲ್ಲ. ಪಾದದ ಹತ್ತಿರ ಶುರು. ಎಡಗೈಯಿಂದ ಕೂದಲನ್ನೆಲ್ಲ ಮೇಲಕ್ಕೆ ಹಿಡಿದು ಒತ್ತಿ, ಕೆಳಗೆ ಒಂದು ಗೆರೆ ಕೂದಲು ಮಾತ್ರ ಬಿಡಿ. ಬೈತಲೆ ತೆಗೆದ ಹಾಗೆ ಗುಲಾಬಿ ಬಣ್ಣದ ಚರ್ಮ ಕಾಣಬೇಕು, ಕಂಡಿತಾ? ಆ ಗೆರೆಯ ಮೇಲೆ ಸ್ಪ್ರೇ ಒಂದು ಸಲ, ತೇವ ಆದರೆ ಸಾಕು, ತೊಯ್ಯಬಾರದು. ತೀರಾ ಒಣಗಿದ ಕೂದಲು ಬ್ರಷ್‌ಗೆ ಸಿಕ್ಕಿ ಮುರಿಯುತ್ತೆ. ಬ್ರಷ್‌ನ ಹಿಡಿಯನ್ನ ಪೆನ್ಸಿಲ್ ಥರ ಹಿಡೀರಿ. ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ. ಸಣ್ಣ ಸಣ್ಣ ಎಳೆತ. ಅದು ಬಿಡ್ತು ಅಂದರೆ ಬಿಡಿ ಹಲ್ಲಿನ ಬಾಚಣಿಗೆ, ಅದೂ ಸಲೀಸಾಗಿ ಹೋದರೆ ಒತ್ತು ಹಲ್ಲು. ಮೂರೂ ತಡೆಯಿಲ್ಲದೆ ಹೋದ ಮೇಲೆ ಮಾತ್ರ ಒಂದು ಸೆಂಟಿಮೀಟರ್ ಮೇಲೆ ಮುಂದಿನ ಬೈತಲೆ.

ನಿಧಾನ ಅನ್ನಿಸುತ್ತೆ, ಹೌದು. ಇಡೀ ಮೈ ಒಂದೇ ದಿನ ಮಾಡಬೇಕಾಗಿಲ್ಲ. ಈ ತಿಂಗಳುಗಳಲ್ಲಿ ದಿನಕ್ಕೆ 10ರಿಂದ 15 ನಿಮಿಷ ಕೊಡಿ. ಕಿವಿ, ಕಂಕುಳು, ತೊಡೆಸಂದು ದಿನಾ. ಉಳಿದದ್ದರಲ್ಲಿ ಇವತ್ತು ಎಡಪಕ್ಕ, ನಾಳೆ ಬಲಪಕ್ಕ. ಲಿಕ್ ಮ್ಯಾಟ್, ಅಂದರೆ ನಾಯಿ ನೆಕ್ಕೋಕೆ ಅಂತಲೇ ಇರೋ ಮ್ಯಾಟ್ ಮೇಲೆ ಎರಡು ಚಮಚ ಗಟ್ಟಿ ಮೊಸರು ಸವರಿ ಮುಂದಿಟ್ಟರೆ ಮರಿ ತನ್ನ ಪಾಡಿಗೆ ತಾನು ನೆಕ್ಕುತ್ತಾ ಮಲಗಿರುತ್ತೆ. ಪೀನಟ್ ಬಟರ್ ಕೊಡೋರು ಡಬ್ಬಿಯ ಹಿಂದೆ ಓದಿ, ಸಕ್ಕರೆ ಬದಲು ಹಾಕೋ ಜೈಲಿಟಾಲ್ ಇದ್ದರೆ ಅದು ಜೀವಕ್ಕೇ ಅಪಾಯ.

ಈಗ ವಾಪಸ್ ಆ ಕಿವಿಯ ಹಿಂದಿನ ಗಂಟಿಗೆ ಬರೋಣ. ಎಡಗೈಯ ಹೆಬ್ಬೆರಳು, ತೋರುಬೆರಳಲ್ಲಿ ಗಂಟಿಗೂ ಚರ್ಮಕ್ಕೂ ನಡುವೆ, ಬುಡದಲ್ಲಿ ಬಿಗಿಯಾಗಿ ಹಿಡಿದಿದೀವಿ. ಇದು ಎಲ್ಲಕ್ಕಿಂತ ಮುಖ್ಯ. ಎಳೆತ ಎಲ್ಲ ನಿಮ್ಮ ಬೆರಳಿಗೆ ಬರುತ್ತೆ, ಚರ್ಮಕ್ಕೆ ಹೋಗಲ್ಲ. ಎರಡು ಹನಿ ಸ್ಪ್ರೇ ಹಾಕಿ ಎರಡು ನಿಮಿಷ ಬಿಟ್ಟಿದ್ದೆವು. ಈಗ ಗಂಟನ್ನ ಬೆರಳಲ್ಲೇ ಅಡ್ಡಕ್ಕೆ ಬಿಡಿಸಿ, ಒಂದು ಎರಡಾಗಬೇಕು, ಎರಡು ನಾಲ್ಕಾಗಬೇಕು, ಹತ್ತಿ ಹಿಂಜಿದ ಹಾಗೆ. ಆಮೇಲೆ ಬಾಚಣಿಗೆಯ ಕೊನೆಯ ಎರಡೇ ಹಲ್ಲಿನಿಂದ, ಗಂಟಿನ ಹೊರ ಅಂಚಿನಿಂದ ಕುಕ್ಕಿ ಕುಕ್ಕಿ ಬಿಡಿಸಿ. ಬಂತು ನೋಡಿ, ತಿಳಿ ಬಣ್ಣದ ಮೆದು ಕೂದಲಿನ ಉಂಡೆ. ಅದಷ್ಟೂ ಮರಿ ಕೂದಲು, ಬುಡದಿಂದ ಯಾವಾಗಲೋ ಬಿಟ್ಟುಹೋಗಿದ್ದು. ಬಾಚಣಿಗೆಯಲ್ಲಿ ಇಷ್ಟು ಬಂದಿದ್ದಕ್ಕೆ ಹೆದರಬೇಡಿ.

ಯಾವ ಕಾರಣಕ್ಕೂ ಇಲ್ಲಿ ಕತ್ತರಿ ಇಡಬೇಡಿ. ಗಂಟು ಎಳೆದಾಗ ಅದರ ಜೊತೆ ಚರ್ಮವೂ ಗುಡಾರದ ಹಾಗೆ ಮೇಲಕ್ಕೇಳುತ್ತೆ, ಕೂದಲಿನೊಳಗೆ ಅದು ಕಾಣೋದೇ ಇಲ್ಲ. ಪಶು ಆಸ್ಪತ್ರೆಗೆ ಹೊಲಿಗೆ ಹಾಕಿಸೋಕೆ ಬರೋ ಇಂಥ ಗಾಯಗಳು ಹೆಚ್ಚಾಗಿ ಕಿವಿಯ ಬುಡದಲ್ಲೇ, ಕಂಕುಳಲ್ಲೇ ಇರುತ್ತವೆ.

ಸ್ನಾನದ ವಿಷಯ ಬೇಗ ಹೇಳಿಬಿಡ್ತೀವಿ. ಗಂಟು ಇರುವಾಗ ನೀರು ಹಾಕಬಾರದು. ಒಣಗೋವಾಗ ಅದು ಇನ್ನಷ್ಟು ಬಿಗಿಯುತ್ತೆ, ಒಳಗೆ ಶಾಂಪೂ ಉಳಿದು ಕಡಿತ ಶುರುವಾಗುತ್ತೆ. ಮೊದಲು ಬಾಚಿ, ಆಮೇಲೆ ಸ್ನಾನ. ಟವೆಲ್‌ನಲ್ಲಿ ಉಜ್ಜಬೇಡಿ, ಒತ್ತಿ ನೀರು ಹಿಂಡಿ. ಡ್ರೈಯರ್‌ನ ಕಮ್ಮಿ ಬಿಸಿಯಲ್ಲಿ, ಗಾಳಿ ಬೀಳೋ ಜಾಗವನ್ನೇ ಬ್ರಷ್ ಮಾಡ್ತಾ ಬುಡದವರೆಗೂ ಒಣಗಿಸಿ. ಬಿಸಿಲಲ್ಲಿ ತಾನಾಗೇ ಒಣಗಲಿ ಅಂತ ಬಿಟ್ಟರೆ ಸುರುಳಿ ಸುತ್ತಿಕೊಂಡೇ ಒಣಗುತ್ತೆ, ಮಾರನೇ ದಿನಕ್ಕೆ ಗಂಟು ಸಿದ್ಧ.

ಮಳೆಗಾಲ ಇನ್ನೂ ಕಷ್ಟ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂದಲು ಪೂರ್ತಿ ಒಣಗೋದೇ ಅಪರೂಪ. ಅಲ್ಲಿರೋರು ಈ ಬದಲಾವಣೆಯ ಕಾಲದಲ್ಲಿ ಕೂದಲನ್ನ ಒಂದೂವರೆ ಸೆಂಟಿಮೀಟರ್‌ಗೆ ಇಳಿಸಿಬಿಡಿ ಅನ್ನೋದು ನಮ್ಮ ಸಲಹೆ. ಖಾಲಿ ಸೈಟ್‌ಗಳಲ್ಲಿ ವಾಕ್ ಹೋಗೋ ಮರಿಗಳಿಗೆ ಉತ್ತರಾಣಿ ಬೀಜ ಮೆತ್ತಿಕೊಳ್ಳುತ್ತೆ. ಒಂದೊಂದು ಬೀಜದ ಸುತ್ತ ಒಂದೊಂದು ಗಂಟು ಕಟ್ಟುತ್ತೆ, ಮನೆಗೆ ಬಂದ ಕೂಡಲೇ ಕೈಯಲ್ಲಿ ಆರಿಸಿ. ಹಾಗೇ ರಕ್ತ ಹೀರೋ ಉಣ್ಣಿ, ಅಂದರೆ ಟಿಕ್. ಗಂಟಿನ ಕೆಳಗೆ ಅದು ಕೂತರೆ ನಿಮಗೆ ಗೊತ್ತೇ ಆಗಲ್ಲ, ಟಿಕ್ ಫೀವರ್ ಬಂದ ಮೇಲೆ ಡಾಕ್ಟ್ರು ಹುಡುಕಿ ತೋರಿಸೋ ಹಾಗಾಗುತ್ತೆ. ಮನೆಯೊಳಗೆ ಕಾಲರ್, ಹಾರ್ನೆಸ್, ಬಟ್ಟೆ ಎಲ್ಲ ಬಿಚ್ಚಿಡಿ, ಬಹಳಷ್ಟು ಗಂಟು ಅಲ್ಲಿಗೇ ತಪ್ಪುತ್ತೆ.

ಮೂರು ಹಂತ ಗುರುತಿಟ್ಟುಕೊಳ್ಳಿ. ಬೆರಳಲ್ಲಿ ಬಿಡೋದು ಸಿಕ್ಕು. ಬುಡ ಹಿಡಿದು ಬಿಡಿಸಬೇಕಾದ್ದು ಗಂಟು. ಗಂಟುಗಳೆಲ್ಲ ಸೇರಿ ಚರ್ಮಕ್ಕೆ ಅಂಟಿದ ಹಾಗೆ ಒಂದೇ ಹಾಳೆ ಆಗಿಬಿಟ್ಟರೆ ಅದು ಕಂಬಳಿ. ಕಂಬಳಿಯನ್ನ ಬಿಡಿಸೋಕೆ ಹೋಗಬೇಡಿ, ದಯವಿಟ್ಟು. ಗಂಟೆಗಟ್ಟಲೆ ಎಳೆಸಿಕೊಂಡ ಮರಿ ಆ ನೋವನ್ನ ಮರೆಯಲ್ಲ. ಬೋಳಿಸಿ. ನಾಯಿಗಳ ಕೂದಲು ಕತ್ತರಿಸೋ ಗ್ರೂಮರ್ "ಪೂರ್ತಿ ತೆಗೀಬೇಕು" ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅವರು ನಿಮ್ಮ ಮರಿಯ ಪರವಾಗಿಯೇ ಮಾತಾಡ್ತಿದ್ದಾರೆ. ಪೂಡಲ್‌ಗೆ ಇರೋದು ಒಂದೇ ಪದರದ ಕೂದಲು, ಮತ್ತೆ ಬೆಳೆಯುತ್ತೆ. ಪಮೇರಿಯನ್, ಸ್ಪಿಟ್ಜ್ ಸಾಕಿರೋರು ಇದನ್ನ ಕೇಳಿ ಬೋಳಿಸೋಕೆ ಹೋಗಬೇಡಿ, ಅವುಗಳ ಎರಡು ಪದರದ ಕೂದಲು ಆಮೇಲೆ ಮೊದಲಿನ ಹಾಗೆ ಬರದೇ ಇರಬಹುದು.

ಬೋಳಿಸೋಕೆ ಟ್ರಿಮ್ಮರ್‌ಗೆ 10ನೇ ನಂಬರ್ ಬ್ಲೇಡ್. ಸುಮಾರು ಒಂದೂವರೆ ಮಿಲಿಮೀಟರ್ ಕೂದಲು ಉಳಿಸುತ್ತೆ, ಗಂಟಿಗೂ ಚರ್ಮಕ್ಕೂ ನಡುವೆ ನುಸುಳುತ್ತೆ. ಕೂದಲು ಉದ್ದ ಉಳಿಸೋ 5ಎಫ್, 4ಎಫ್ ಥರದ ಬ್ಲೇಡ್‌ಗಳ ಹಲ್ಲಿನ ಸಂದಿ ಅಗಲ, ಅದರೊಳಗೆ ಚರ್ಮದ ಮಡಿಕೆ ಸಿಕ್ಕಿ ಕೊಯ್ಯುತ್ತೆ. ಕೂದಲು ಸ್ವಲ್ಪ ಉದ್ದ ಇರಲಿ ಅಂತ ಆಸೆಪಟ್ಟು ಇಂಥ ಬ್ಲೇಡ್ ಹಾಕೋದೇ ಇಲ್ಲಿ ನಡೆಯೋ ದೊಡ್ಡ ತಪ್ಪು. ಚರ್ಮವನ್ನ ಕೈಯಿಂದ ಸಮನಾಗಿ ಎಳೆದು ಹಿಡಿದು, ಬ್ಲೇಡನ್ನ ಮಲಗಿಸಿ ನಡೆಸಿ. ಎರಡು ಮೂರು ನಿಮಿಷಕ್ಕೊಮ್ಮೆ ಬ್ಲೇಡನ್ನ ನಿಮ್ಮ ಮಣಿಕಟ್ಟಿಗೆ ಮುಟ್ಟಿಸಿ, ಬಿಸಿ ಅನ್ನಿಸಿದರೆ ನಿಲ್ಲಿಸಿ. ಕಂಕುಳ ಮಡಿಕೆ, ಹೊಟ್ಟೆಪಕ್ಕದಿಂದ ತೊಡೆಗೆ ಇಳಿಯೋ ತೆಳು ಚರ್ಮ, ಮೊಲೆತೊಟ್ಟು, ಕಿವಿಯ ಅಂಚಿನಲ್ಲಿರೋ ಚಿಕ್ಕ ಜೇಬಿನಂಥ ಮಡಿಕೆ, ಈ ನಾಲ್ಕು ಕಡೆ ಬಹಳ ಜೋಪಾನ. ಟ್ರಿಮ್ಮರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಗ್ರೂಮರ್ ಹತ್ತಿರ ಹೋಗಿ. ಗಂಟಿನ ಕೆಳಗೆ ವಾಸನೆ, ಕೀವು, ಗಾಯ ಕಂಡರೆ ಮೊದಲು ಡಾಕ್ಟ್ರ ಹತ್ತಿರ.

ಕಿವಿಯಲ್ಲಿ ಕಂಬಳಿ ಕಟ್ಟಿದ್ದನ್ನ ತೆಗೆದ ಮೇಲೆ ಒಂದೆರಡು ದಿನ ಕಣ್ಣಿಟ್ಟಿರಿ. ಭಾರ ಹಗುರಾಗಿ, ಕಡಿತಕ್ಕೆ ಮರಿ ತಲೆ ಜೋರಾಗಿ ಒದರುತ್ತೆ. ಆಗ ಕಿವಿಯೊಳಗೆ ರಕ್ತನಾಳ ಒಡೆದು ಕಿವಿ ದಿಂಬಿನ ಹಾಗೆ ಊದಬಹುದು. ಹಳೇ ಕಾಲುಚೀಲದ ಮೇಲ್ಭಾಗ ಕತ್ತರಿಸಿ, ಕಿವಿಗಳನ್ನ ತಲೆಗೆ ಒತ್ತಿ ನಿಲ್ಲೋ ಹಾಗೆ ಸಡಿಲವಾಗಿ ತೊಡಿಸಿ. ಒಳಗೆ ಎರಡು ಬೆರಳು ಆರಾಮಾಗಿ ತೂರಬೇಕು. ಕಿವಿ ಊದಿದರೆ ಅವತ್ತೇ ಡಾಕ್ಟ್ರಿಗೆ ತೋರಿಸಿ.

ಈ ಬದಲಾವಣೆ ಮುಗೀತಾ ಬಂತು ಅನ್ನೋದು ಬಾಚಣಿಗೆಯಲ್ಲೇ ಗೊತ್ತಾಗುತ್ತೆ. ತಿಳಿ ಬಣ್ಣದ ಮೆದು ಕೂದಲು ದಿನದಿಂದ ದಿನಕ್ಕೆ ಕಮ್ಮಿಯಾಗುತ್ತೆ. ಕೂದಲನ್ನ ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಸ್ಪ್ರಿಂಗ್ ಥರ ವಾಪಸ್ ಪುಟಿಯುತ್ತೆ. ಹಾಗೆ ಎರಡು ವಾರ ಸತತವಾಗಿ ಒತ್ತು ಹಲ್ಲು ಚರ್ಮದಿಂದ ತುದಿಯವರೆಗೆ ತಡೆಯಿಲ್ಲದೆ ಹೋಯ್ತು ಅಂದರೆ, ದಿನಾ ಬಾಚೋದನ್ನ ಎರಡು ಮೂರು ದಿನಕ್ಕೊಮ್ಮೆ ಮಾಡಬಹುದು. ಗ್ರೂಮಿಂಗ್ 4ರಿಂದ 6 ವಾರಕ್ಕೊಮ್ಮೆ. ಕಿವಿಯ ಹಿಂದೆ ಮಾತ್ರ ದಿನಾ ಬೆರಳಾಡಿಸಿ.