ಮೊದಲು ಗಾಳಿ ನೋಡಿ

ನಮಸ್ಕಾರ. ಮುಂಬೈ ಕಡೆ ಚೆಂಬೂರಿಂದ ಡೊಂಬಿವಲಿ ತನಕ ರೇಡಿಯೋ ಹಚ್ಕೊಂಡು ಕೂತಿರೋ ಎಲ್ಲರಿಗೂ, ಅದರಲ್ಲೂ ಹೋಟೆಲ್ ಒಲೆ ಮುಂದೆ ನಿಂತು ಕೇಳ್ತಿರೋ ನಮ್ಮೂರಿನವರಿಗೆ. ನನಗೆ ಕೊಟ್ಟಿರೋ ವಿಷಯ, ವಿಷದ ಗ್ಯಾಸ್ ಸೋರಿದಾಗ ಓಡಿ ಬರೋ ಫೈರ್ ಬ್ರಿಗೇಡ್ ಹುಡುಗರ ವಿಆರ್ ಟ್ರೈನಿಂಗ್. ವಿಆರ್ ಅಂದ್ರೆ ಏನಿಲ್ಲ, ಕಣ್ಣಿಗೊಂದು ಡಬ್ಬಿ ಕಟ್ತೀವಿ, ಅದರೊಳಗೆ ರೋಡು, ಉರುಳಿದ ಲಾರಿ, ಹಸಿರು ಹಳದಿ ಹೊಗೆ ಎಲ್ಲಾ ಕಾಣುತ್ತೆ, ತಲೆ ತಿರುಗಿಸಿದ್ರೆ ಹಿಂದಿನದ್ದೂ ಕಾಣುತ್ತೆ.

ನಾನು ಹೇಳೋದು ಒಂದೇ. ಮೊದಲು ಗಾಳಿ ನೋಡಿ.

ಮಾಹುಲ್ ಕಡೆ ಒಂದು ಕ್ಲಾಸಿಗೆ ಮೂವತ್ತು ವರ್ಷ ಸರ್ವಿಸ್ ಆದೋರೊಬ್ರು ಬಂದಿದ್ರು, ಕುಂದಾಪುರದ ಕಡೆಯವ್ರು, 'ಎಂತ ಮಾರಾಯ್ರೆ, ಮಕ್ಕಳಾಟ' ಅಂತಾನೇ ಹೆಡ್‌ಸೆಟ್ ಹಾಕ್ಕೊಂಡ್ರು. ಒಳಗೆ ಕ್ಲೋರಿನ್ ಸೋರ್ತಿದೆ, ಇವರು ಸೀದಾ ಲಾರಿ ಹತ್ರ ಹೋಗಿ, ಬಗ್ಗಿ, ಒಳಗಿರೋದು ಏನು ಅಂತ ಹೇಳೋ ಕಿತ್ತಳೆ ಬೋರ್ಡಿನ ನಂಬರ್ ಓದೋಕೆ ಶುರು ಮಾಡಿದ್ರು. ಪರದೆ ಕಪ್ಪಾಯ್ತು. 'ಕರೆಂಟ್ ಹೋಯ್ತಾ?' ಅಂದ್ರು. ಇಲ್ಲ ಅಣ್ಣ, ಹೋಗಿದ್ದು ನೀವು ಅಂದೆ. ಯಾಕೆ ಅಷ್ಟು ಹತ್ರ ಅಂತ ಕೇಳಿದ್ರೆ ಕನ್ನಡಕ ಲಾಕರಲ್ಲಿ ಬಿಟ್ಟಿದ್ರಂತೆ! ನಂಬರ್ ಓದ್ಲೇಬೇಕು, 1017 ಇದ್ರೆ ಕ್ಲೋರಿನ್, ಆದ್ರೆ ಓದೋದು ದೂರದಿಂದ, ಬೈನಾಕ್ಯುಲರಲ್ಲಿ, ಗಾಳಿಗೆ ಬೆನ್ನು ಕೊಟ್ಟು. ಎರಡನೇ ಸಲ ಕನ್ನಡಕ ಬಂತು, ದೂರಾನೂ ನಿಂತ್ರು, ಆದ್ರೆ ಹೊಗೆ ಬರೋ ದಿಕ್ಕಲ್ಲೇ. ಮತ್ತೆ ಕಪ್ಪು. ಆ ಡಬ್ಬಿಯೊಳಗೇ ಪಕ್ಕದ ಚಾಳಿನ ಗ್ಯಾಲರಿಯಲ್ಲಿ ಒಣಹಾಕಿದ ಸೀರೆ ಪಟಪಟ ಹಾರ್ತಿತ್ತು, ಗಾಳಿ ಎತ್ತ ಅಂತ ಅದೇ ಹೇಳ್ತಿತ್ತು. ಮೂರನೇ ಸಲ ತಲೆ ಎತ್ತಿ ಸೀರೆ ನೋಡಿದ್ರು, ದೊಡ್ಡ ಸುತ್ತು ಹಾಕಿ ಎತ್ತರದ ಕಡೆಯಿಂದ ಇಳಿದ್ರು. ಚಹಾ ಬರೋದ್ರೊಳಗೆ ಎರಡು ಸಲ ಸತ್ತು ಕಲಿತ್ರು ನೋಡಿ, ನಿಜವಾದ ಕ್ಲೋರಿನ್ ಸೋರಿಸಿ ಈ ಪಾಠ ಹೇಳೋಕಾಗುತ್ತಾ?

ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಗಟಾರ, ತಗ್ಗು ಹಿಡಿದು ಹರಿಯುತ್ತೆ. 2010ರ ಜುಲೈಯಲ್ಲಿ ಸೇವ್ರಿ ಹತ್ರ ಬಂದರಿನ ಜಾಗದಲ್ಲಿ ಹಳೇ ಸಿಲಿಂಡರ್ ಸೋರಿ ನೂರಕ್ಕೂ ಹೆಚ್ಚು ಜನ ಉಸಿರಿಗೆ ಒದ್ದಾಡಿದ್ರು. ಇಂಥಲ್ಲಿ ಜನ ಸುತ್ತ ನಿಂತು 'ನೀರು ಹೊಡೀರಿ ಸಾರ್' ಅಂತ ಕೂಗ್ತಾರೆ, ದಯವಿಟ್ಟು ಕೂಗ್ಬೇಡಿ, ಸೋರೋ ಜಾಗಕ್ಕೆ ನೀರು ಬಿದ್ರೆ ಆಸಿಡ್ ಆಗಿ ತೂತೇ ದೊಡ್ಡದಾಗುತ್ತೆ. ಮೊಬೈಲ್ ಎತ್ಕೊಂಡು ವಿಡಿಯೋಗೆ ಮುಂದೆ ನುಗ್ಗೋರಿಗೂ ಅದೇ ಮಾತು, ಗಾಳಿ ನೋಡಿ ಸ್ವಾಮಿ.

ಫೈರ್ ಬ್ರಿಗೇಡ್ ಹುಡುಗರ ಸೂಟು, ಉಸಿರಾಡೋಕೆ ಬೆನ್ನಿಗೆ ಹೊರೋ ಗಾಳಿ ಸಿಲಿಂಡರ್ ಬಗ್ಗೆ ಹೇಳೋದಿತ್ತು, ರೇಡಿಯೋದವರು ಗಡಿಯಾರ ತೋರಿಸ್ತಿದ್ದಾರೆ. ಆ ಸೆಕೆ, ಆ ಭಾರ ಡಬ್ಬಿಯೊಳಗೆ ಸಿಗಲ್ಲ, ಅದಕ್ಕೆ ಮೈದಾನದ ಡ್ರಿಲ್ಲೇ ಆಗ್ಬೇಕು. ಹೋಟೆಲಿನೋರೇ, ನಿಮ್ಮ ಸಿಲಿಂಡರ್ ಗ್ಯಾಸೂ ಕೆಳಗೇ ಕೂರೋದು, ವಾಸನೆ ಬಂದ್ರೆ ಸ್ವಿಚ್ ಮುಟ್ಬೇಡಿ, ರೆಗ್ಯುಲೇಟರ್ ಬಂದ್ ಮಾಡಿ ಹೊರಗೆ ಬನ್ನಿ, 101ಕ್ಕೆ ಫೋನ್ ಮಾಡಿ. ಹೊರಗೆ ಯಾವ ಕಡೆ ನಿಲ್ಬೇಕು ಅಂತ ಮತ್ತೆ ಹೇಳ್ಬೇಕಾ?