ಬ್ಲಾಕ್ ಹಿಡಿದು ಕೂತವರನ್ನು ಎತ್ತಿ ಹಾಕುವುದು

ಸ್ಟ್ರೀಟ್ ಫೈಟರ್ 6, ಇಬ್ಬರು ಹೊಡೆದಾಡುವ ವಿಡಿಯೋ ಗೇಮ್. ನಾನು ಕೆನ್, ಎದುರಿಗೆ ಲ್ಯೂಕ್. ಪುಣ್ಯಾತ್ಮ ನೋಡಿ, ಏನೇ ಹೊಡೆದರೂ ಬ್ಲಾಕ್. ಇಂಥವರಿಗೆ ಅಂತಲೇ ಥ್ರೋ, ಅಂದರೆ ಹಿಡಿದು ಎತ್ತಿ ಹಾಕುವ ಏಟು, ಇರುವುದು. ಬ್ಲಾಕ್ ಮಾಡಿದರೆ ಥ್ರೋ ತಪ್ಪುವುದಿಲ್ಲ. ಹತ್ತಿರ ಹೋದೆ, ಒತ್ತಿದೆ... ಬಂದಿದ್ದು ಜಾಬ್, ಬರೀ ಲೈಟ್ ಪಂಚ್!

ಇದು ಕಂಟ್ರೋಲರ್ ಕರ್ಮ. ಥ್ರೋಗೆ ಲೈಟ್ ಪಂಚ್, ಲೈಟ್ ಕಿಕ್ ಎರಡೂ ಒಟ್ಟಿಗೆ ಬೀಳಬೇಕು. ಅಂದರೆ ಪ್ಲೇಸ್ಟೇಷನ್ ಬಟನ್ನಿನಲ್ಲಿ ಸ್ಕ್ವೇರ್, ಎಕ್ಸ್. ಇದರಲ್ಲಿ ಎಕ್ಸ್ ಬಟನ್ನಿಗೆ ಮೂಡ್ ಬಂದರೆ ಮಾತ್ರ ಕೆಲಸ. ಎಸ್.ಪಿ. ರೋಡಿನಲ್ಲಿ 1,800 ರೂಪಾಯಿ ಕೊಟ್ಟು ತಂದಿದ್ದು. ವಾಪಸ್ ತೆಗೆದುಕೊಂಡು ಹೋದರೆ, "ಬಾಕ್ಸ್ ಓಪನ್ ಮಾಡಿದ್ದೀರಲ್ಲ ಸಾರ್" ಅಂದರು. ಬಾಕ್ಸ್ ಓಪನ್ ಮಾಡದೆ ಬಟನ್ ಒತ್ತುವುದು ಹೇಗೆ ಸ್ವಾಮಿ? ಕೊನೆಗೆ ಅಂಗಡಿ ಹುಡುಗ ಬಟನ್ ಸಂದಿಗೆ ಉಫ್ ಅಂತ ಊದಿ, "ಈಗ ನೋಡಿ ಸಾರ್" ಅಂದ. ಅಲ್ಲಿ ಚೆನ್ನಾಗಿಯೇ ಒತ್ತಿತು. ಮನೆಗೆ ಬಂದ ಮೇಲೆ ಮತ್ತೆ ಅದೇ ರಾಗ. ಅದರ ಮೇಲೆ ಪಾರ್ಕಿಂಗ್‌ಗೆ 30 ರೂಪಾಯಿ ಬೇರೆ. ಆ ರೋಡಿನಲ್ಲಿ ಗಾಡಿ ನಿಲ್ಲಿಸಲು ಮೂರು ಸುತ್ತು ಹೊಡೆಯಬೇಕು, ಅದನ್ನು ಯಾರು ಕೇಳಬೇಕು?

ಅಯ್ಯೋ, ಎರಡನೇ ರೌಂಡ್ ಶುರುವಾಗಿದೆ.

ಥ್ರೋ ಬರಲು 5 ಫ್ರೇಮ್, ಅಂದರೆ ಪರದೆಯ ಐದು ಚಿತ್ರ. ಸೆಕೆಂಡಿಗೆ 60 ಫ್ರೇಮ್ ಅಲ್ವಾ, ನೋಡಿಕೊಂಡು ಬಿಡಿಸಿಕೊಳ್ಳೋಣ ಅಂದರೆ ಆಗದ ಮಾತು. ಊಹೆಯೇ ಗತಿ. ಆದರೆ ಲೈಟ್ ಪಂಚ್ ಎಷ್ಟೋ ಪಾತ್ರಗಳಿಗೆ 4 ಫ್ರೇಮಿಗೇ ಬರುತ್ತದೆ. ಸುಮ್ನೆ ನಡೆದು ಹೋಗಿ ಹಿಡಿಯಲು ನೋಡಿದರೆ ಮುಖಕ್ಕೆ ಏಟು. ಮೊದಲು ಎರಡು ಜಾಬ್ ಬ್ಲಾಕ್ ಮಾಡಿಸಿ. ಮೂರನೆಯದಕ್ಕೆ ಅವನು ಕಾಯುತ್ತಿರುತ್ತಾನೆ. ಆಗ ಹಿಡಿಯಿರಿ. ಹೀಗೆ. ಹಾರಿಬಿಟ್ಟರೆ ಮಾತ್ರ ನಿಮ್ಮ ಕೈಗೆ ಗಾಳಿ.

ಏಟು ದೊಡ್ಡದೇನಲ್ಲ. 10,000 ಲೈಫಿನಲ್ಲಿ 1,200. ಬೇಕಾಗಿರುವುದು ಭಯ. ಈಗ ನೋಡಿ, ಲ್ಯೂಕ್‌ಗೆ ಹೆದರಿಕೆ ಹತ್ತಿದೆ. ನಾನು ಹತ್ತಿರ ಬಂದ ಕೂಡಲೇ ಬಿಡಿಸಿಕೊಳ್ಳಲು ಥ್ರೋ ಒತ್ತುತ್ತಿದ್ದಾನೆ. ನಾನು ಒಂದು ಹೆಜ್ಜೆ ಮುಂದೆ, ತಕ್ಷಣ ಹಿಂದೆ. ಅವನು ಗಾಳಿಯನ್ನು ತಬ್ಬಿಕೊಂಡ. ತಗೋ, ಒಂದರ ಹಿಂದೊಂದು ಏಟು, ಪೂರ್ತಿ ಕಾಂಬೋ! ಹೀಗೆ ಮುಂದೆ ಹೋಗಿ ಹಿಂದೆ ಸರಿಯುವುದೇ ಶಿಮ್ಮಿ. ಥ್ರೋ ಹಾಕುವುದಕ್ಕಿಂತ ಹಾಕುತ್ತೇನೆ ಅಂತ ಹೆದರಿಸುವುದರಲ್ಲೇ ಲಾಭ ಜಾಸ್ತಿ.

ಝಾಂಗೀಫ್ ಅನ್ನೋ ಕುಸ್ತಿಪಟು ಪಾತ್ರ ತೆಗೆದುಕೊಂಡು ಆಡುವವರನ್ನು ಕಂಡರೆ ನನಗಾಗುವುದಿಲ್ಲ. ಅವನ ಸ್ಪೆಷಲ್ ಥ್ರೋ ಸ್ಕ್ರೂ ಪೈಲ್‌ಡ್ರೈವರ್ ಬಿಡಿಸಿಕೊಳ್ಳಲು ಬಟನ್ನೇ ಇಲ್ಲ. ಮೊದಲೇ ಊಹಿಸಿ ಹಾರಬೇಕು. ಶುದ್ಧ ಅನ್ಯಾಯ. ಆದರೂ ಅವನು ಮೇಲಕ್ಕೆ ಹಾರಿ ಗಿರಗಿರನೆ ತಿರುಗಿ ಕುಕ್ಕುವುದು ನೋಡಲು ಚಂದ. ಮುಂದಿನ ವಿಡಿಯೋದಲ್ಲಿ ನಾನೇ ಅವನನ್ನು ತೆಗೆದುಕೊಳ್ಳುತ್ತೇನೆ, ಬೈಯಬೇಡಿ.

ಬೇಗ ಬೇಗ, ಕ್ಲಿಪ್ ಮುಗಿಯುತ್ತಿದೆ. ಲ್ಯೂಕ್ ಈಗ ಡ್ರೈವ್ ಪ್ಯಾರಿ, ಅಂದರೆ ಹೊಡೆತ ತಡೆಯುವ ಸ್ಪೆಷಲ್ ಗಾರ್ಡ್, ಹಿಡಿದು ನಿಂತಿದ್ದಾನೆ, ಬೆಳಕು ಕಾಣ್ತಿದೆಯಾ? ಪ್ಯಾರಿಯಲ್ಲಿ ನಿಂತವನಿಗೆ ಥ್ರೋ ಬಿದ್ದರೆ 1,200 ಅಲ್ಲ, 2,040. ಲೈಫ್ ಅಷ್ಟು ಉಳಿದಿಲ್ಲ ಅವನಿಗೆ. ಹಿಡಿದೆ, ಎತ್ತಿದೆ, ಕೆ.ಓ. ರೀಮ್ಯಾಚ್ ಒತ್ತುತ್ತಾನಾ... ಇಲ್ಲ, ಹೊರಟೇ ಹೋದ.