ದೋಣಿ ನಿಂತಿದೆ, ದ್ವೀಪ ಬರುತ್ತಿದೆ

ಕೇಳುಗರಿಗೆ ನಮಸ್ಕಾರ.

‘ಮುಂದುವರಿದ ಜನ’, ‘ಹಿಂದುಳಿದ ಜನ’ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ, ಅಲ್ವಾ? ಎಲ್ಲರೂ ಒಂದೇ ದಾರಿ ಹಿಡಿದಿದ್ದಾರೆ, ಕೆಲವರು ಬೇಗ ನಡೆದರು, ಕೆಲವರು ಉಳಿದುಹೋದರು ಅನ್ನುವ ಹಾಗೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೌ ಪಿಯೈಲುಗ್ ಅನ್ನುವ ನಾವಿಕ ನೆನಪಾಗುತ್ತಾರೆ.

ಪೆಸಿಫಿಕ್ ಸಾಗರದ ನಡುವೆ ಸತವಾಲ್ ಅನ್ನುವ ಪುಟ್ಟ ದ್ವೀಪವಿದೆ. ಮೌ ಹುಟ್ಟಿದ್ದು ಅಲ್ಲಿ. ಅವರಿಗೆ ಸಮುದ್ರ ಕಲಿಸಿದವರು ತಾತ. ನೀರಿನ ಚಲನೆ ಮೈಗೆ ಹತ್ತಲಿ ಅಂತ ಎಳೆಯ ಮೊಮ್ಮಗನನ್ನು ದಡದ ನೀರುಗುಂಡಿಯಲ್ಲಿ ಕೂರಿಸುತ್ತಿದ್ದರಂತೆ.

ಅಷ್ಟು ದೊಡ್ಡ ಸಾಗರದ ದ್ವೀಪಗಳಿಗೆಲ್ಲ ಜನ ಹೋಗಿ ನೆಲೆಸಿದ್ದು ಹೇಗೆ? 1769ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ ಹಡಗು ಹತ್ತಿದ ತುಪಾಯ ಅನ್ನುವ ಪಾಲಿನೇಷ್ಯಾದವರು, ಅಂದರೆ ಇದೇ ಸಾಗರದ ದ್ವೀಪಸಮೂಹದವರು, ಹತ್ತಾರು ದ್ವೀಪಗಳ ನಕಾಶೆಯನ್ನೇ ಮಾಡಿಕೊಟ್ಟಿದ್ದರು. ಆದರೂ 1956ರಲ್ಲಿ ಆಂಡ್ರ್ಯೂ ಶಾರ್ಪ್ ಅನ್ನುವ ವಿದ್ವಾಂಸರು ಬೇರೆಯೇ ವಾದ ಹೂಡಿದರು. ದೂರದ ದ್ವೀಪಗಳಿಗೆ ಆ ಜನ ಗುರಿಯಿಟ್ಟು ಹೋದವರಲ್ಲ, ಗಾಳಿಗೆ ಸಿಕ್ಕಿ ದಾರಿ ತಪ್ಪಿ ಸೇರಿದವರು ಅಂತ. ಉಪಕರಣವೇ ಇಲ್ಲದವರಿಗೆ ದಾರಿ ಹೇಗೆ ಗೊತ್ತಾದೀತು ಅನ್ನುವ ಅನುಮಾನ ಅದರ ಹಿಂದಿತ್ತು.

ಪಾಲಿನೇಷ್ಯಾದವರೇ ಆದ ಹವಾಯಿಯ ಜನಕ್ಕೆ ಇದು ನೋವಿನ ಮಾತು. ಹಳೆಯ ಮಾದರಿಯಲ್ಲೇ ಹೋಕುಲೆಆ ಅನ್ನುವ ಜೋಡಿ ದೋಣಿ ಕಟ್ಟಿದರು. ಆದರೆ ದಾರಿ ಹುಡುಕುವ ವಿದ್ಯೆ ಅವರಲ್ಲಿ ಆಗಲೇ ಅಳಿದುಹೋಗಿತ್ತು. ಮೌ ಅವರನ್ನು ಕರೆಸಿದರು. 1976ರ ಮೇ 1ರಂದು ಹವಾಯಿಯಿಂದ ಹೊರಟ ದೋಣಿ ಜೂನ್ 4ಕ್ಕೆ ತಾಹಿತಿ ದ್ವೀಪದ ಪಪೀಟೆ ಬಂದರು ಸೇರಿತು. ಸುಮಾರು 4,000 ಕಿಲೋಮೀಟರ್. ದಿಕ್ಸೂಚಿ ಇಲ್ಲ, ನಕಾಶೆ ಇಲ್ಲ. ಮೌಗೆ ಅದು ಪರಿಚಯದ ಸಮುದ್ರವೂ ಅಲ್ಲ.

ಹೇಗೆ ಸಾಧ್ಯವಾಯಿತು? ಯಾವ ನಕ್ಷತ್ರ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಳುಗುತ್ತದೆ ಅನ್ನುವುದು ಬಾಯಿಪಾಠ. ಮೋಡ ಕವಿದರೆ ದೋಣಿಯಲ್ಲಿ ಮಲಗಿ, ಯಾವ ಕಡೆಯ ಅಲೆ ತಾಗುತ್ತಿದೆ ಅಂತ ಮೈಯಿಂದಲೇ ತಿಳಿಯುತ್ತಾರೆ. ಸಂಜೆ ಗೂಡಿಗೆ ಮರಳುವ ಕಡಲಹಕ್ಕಿ ನೆಲ ಎಲ್ಲಿದೆ ಅಂತ ತೋರಿಸುತ್ತದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಆ ನಾವಿಕರ ಲೆಕ್ಕದಲ್ಲಿ ದೋಣಿ ಚಲಿಸುವುದೇ ಇಲ್ಲ. ದೋಣಿ ನಿಂತಿರುತ್ತದೆ. ದ್ವೀಪಗಳೇ ನಕ್ಷತ್ರಗಳ ಕೆಳಗೆ ಸರಿದು ಹಿಂದೆ ಹೋಗುತ್ತವೆ. ಹಾಗೆ ಎಣಿಸಿಯೇ ಅವರು ದೂರ ಅಳೆಯುತ್ತಾರೆ. ಇದನ್ನು ಯಾವ ಅಳತೆಗೋಲಿನಲ್ಲಿ ‘ಹಿಂದುಳಿದದ್ದು’ ಅನ್ನೋಣ?

ಹಾಗಂತ ಎಲ್ಲರ ಎಲ್ಲ ಆಚಾರವೂ ಸರಿ ಅಂತ ನಾನು ಹೇಳಲಾರೆ. ನಮ್ಮಲ್ಲಿನ ಅಸ್ಪೃಶ್ಯತೆ ತಪ್ಪು. ಅದು ‘ನಮ್ಮ ಸಂಸ್ಕೃತಿ’ ಅಂದರೂ ತಪ್ಪೇ. ಒಂದು ಆಚಾರವನ್ನು ತೂಗಿ ನೋಡಬಹುದು, ನೋಡಲೇಬೇಕು. ಒಂದಿಡೀ ಜನವನ್ನು ತಕ್ಕಡಿಗೆ ಹಾಕುವುದು ಬೇರೆ. ಅಲ್ಲಿ ತಕ್ಕಡಿ ಹಿಡಿದವನೇ ಯಾವಾಗಲೂ ಮೇಲೆ ಬರುತ್ತಾನೆ.

ಮೌ ಅವರ ವಿದ್ಯೆಗೂ ಕಟ್ಟುಪಾಡು ಇತ್ತು. ಹೊರಗಿನವರಿಗೆ ಸುಮ್ನೆ ಹೇಳಿಕೊಡುವಂತಿರಲಿಲ್ಲ. ತಮ್ಮ ದ್ವೀಪದ ಹುಡುಗರೇ ಕಲಿಯಲು ಬರುತ್ತಿಲ್ಲ ಅಂತ ಕಂಡಾಗ ಅವರು ಆ ಕಟ್ಟು ಮುರಿದರು. ಹವಾಯಿಯವರಿಗೆ ಕಲಿಸಿದರು. 2007ರಲ್ಲಿ ಐವರು ಹವಾಯಿಯವರನ್ನು ಸತವಾಲ್‌ಗೇ ಕರೆಸಿ, ತಮ್ಮವರ ಮುಂದೆಯೇ ದೀಕ್ಷೆ ಕೊಟ್ಟು, ನಾವಿಕ ಗುರುಗಳ ಸಾಲಿಗೆ ಸೇರಿಸಿಕೊಂಡರು.